ಹಾಜರಿ ಪುಸ್ತಕದ ಪಕ್ಕ ಇನ್ನೊಂದು ನೋಟ್‌ಬುಕ್

ನಾನು ಹಾಸನದ ಕಡೆಯವಳು, ಪೋಸ್ಟಿಂಗ್ ಸಿಕ್ಕಿದ್ದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿಗೆ. ಮೊದಲನೇ ವರ್ಷ ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ 9ನೇ ಕ್ಲಾಸಲ್ಲಿ ಹುಡುಗೀರ ಬೆಂಚು ಅರ್ಧ ಖಾಲಿ. ಈ ಕಡೆಯವ್ರಿಗೆ ಹೆಣ್ಮಕ್ಕಳನ್ನ ಓದಿಸೋ ಮನಸ್ಸೇ ಇಲ್ಲ ಅಂತ ಸ್ಟಾಫ್ ರೂಮಲ್ಲಿ ನಾನೂ ಮಾತಾಡಿದವಳೇ, ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಹಾಜರಿ ಪುಸ್ತಕದಲ್ಲಿ ಬರೀ ಆಬ್ಸೆಂಟ್ ಅಂತ ಇರುತ್ತಲ್ಲ, ಇದ್ರಲ್ಲಿ ಯಾಕೆ ಅಂತ ಬರೆಯೋದು. ಕಾರಣ ಕೇಳೋಕೆ ಆ ಹುಡುಗೀರ ಮನೆಗೆ ಹಗಲು ಹೋದ್ರೆ ಬೀಗ, ಸಂಜೆ ಮೇಲೇ ಹೋಗ್ಬೇಕು. "ಹತ್ತಿ ಒಡದದ್ರಿ ಟೀಚರ, ಬಿಡಿಸೋರು ಯಾರು? ನಾ ಹೊಲಕ್ಕ ಹೋದ್ರ ಸಣ್ಣ ಕೂಸು ನೋಡೋರು ಯಾರು?" ಅಂತ ಒಬ್ಬ ತಾಯಿ ಚಾ ಕೊಡ್ತಾ ಕೇಳಿದ್ರು, ನನ್ನ ಹತ್ರ ಉತ್ತರ ಇರಲಿಲ್ಲ.

ಆ ಟೈಮಲ್ಲಿ ಎಂಎಗೆ ಓದ್ತಾ ಇದ್ದೆ, ಬೇರೆ ದೇಶಗಳ ವಿಷ್ಯ ಓದಿದಾಗ ಸ್ವಲ್ಪ ಅರ್ಥ ಆಯ್ತು. ಆಫ್ರಿಕಾದ ಲೆಸೊಥೊದಲ್ಲಿ ಗಂಡು ಹುಡುಗರು ಬೆಟ್ಟದಲ್ಲಿ ದನ, ಕುರಿ ಕಾಯೋಕೆ ಹೋಗ್ತಾರೆ, ಶಾಲೇಲಿ ಹುಡುಗೀರೇ ಮುಂದೆ. ಅಲ್ಲಿನ ಅಪ್ಪ ಅಮ್ಮಂದಿರಿಗೆ ಹೆಣ್ಮಕ್ಕಳ ಮೇಲೆ ಜಾಸ್ತಿ ಪ್ರೀತಿ ಅಂತೇನಲ್ಲ, ಮನೆಗೆ ಯಾವ ಮಗುವಿನ ಕೈ ಬೇಕೋ ಆ ಮಗು ಶಾಲೆ ಬಿಡುತ್ತೆ ಅಷ್ಟೇ. ಬಾಂಗ್ಲಾದೇಶದಲ್ಲಿ 1994ರಿಂದ ಹಳ್ಳಿ ಹೈಸ್ಕೂಲ್ ಹುಡುಗೀರಿಗೆ ಸ್ಟೈಪೆಂಡ್ ಕೊಟ್ರು, ಷರತ್ತು ಏನಂದ್ರೆ ಹಾಜರಿ 75%, ಪರೀಕ್ಷೇಲಿ 45%, ಮದುವೆ ಆಗಿರಬಾರದು. ಈಗ ಅಲ್ಲಿ ಹೈಸ್ಕೂಲಲ್ಲಿ ಹುಡುಗರಿಗಿಂತ ಹುಡುಗೀರೇ ಜಾಸ್ತಿ.

ನನ್ನ ಕೈಲಿ ದುಡ್ಡಿಲ್ಲ. ಆದ್ರೆ ಮನೆ ಮನೆ ಸುತ್ತಿದ್ದಕ್ಕೆ ಒಂದು ವಿಷ್ಯ ಗೊತ್ತಾಯ್ತು, ಇಬ್ಬನಿ ಆರೋ ತನಕ ಹತ್ತಿ ಬಿಡಿಸಲ್ಲ, ಒದ್ದೆ ಹತ್ತಿಗೆ ರೇಟಿಲ್ಲ. ಅಂದ್ರೆ ಬೆಳಗ್ಗೆ ಒಂದೂವರೆ ಗಂಟೆ ಫ್ರೀ! ಹೆಡ್‌ಮಾಸ್ಟರ್ ಒಪ್ಪಿಸಿ 7 ಗಂಟೆಗೆ ಗಣಿತ, ಇಂಗ್ಲಿಷ್ ಶುರು ಮಾಡಿದೆ, ತಲೆಗೆ ಬಟ್ಟೆ ಸುತ್ಕೊಂಡು ಬುತ್ತಿ ಗಂಟು ಹಿಡ್ಕೊಂಡೇ ಬರೋರು, ಕ್ಲಾಸ್ ಮುಗಿಸಿ ಸೀದಾ ಹೊಲಕ್ಕೆ. ಮೂರು ತುಂಬಿದ ತಮ್ಮ ತಂಗಿಯರನ್ನ ಅಂಗನವಾಡಿ ಅಕ್ಕ ಸೇರಿಸ್ಕೊಂಡ್ರು. ಅದಕ್ಕಿಂತ ಚಿಕ್ಕ ಕೂಸುಗಳಿಗೆ ಮಾತ್ರ ದಾರಿ ಸಿಗಲಿಲ್ಲ, ಆ ಮನೆಯ ಇಬ್ಬರು ಹುಡುಗೀರು ಬರಲೇ ಇಲ್ಲ.

2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ತಾಲ್ಲೂಕಿನ ಪಿಯು ಕಾಲೇಜಿಗೆ ಹುಡುಗೀರಿಗೆ ಬಸ್ ಚಾರ್ಜ್ ಚಿಂತೆ ತಪ್ತು. ಆದ್ರೆ ಅದೇ ಹುಡುಗೀರ ಅಣ್ಣಂದಿರು ಎಸ್ಸೆಸ್ಸೆಲ್ಸಿ ಫೇಲಾಗಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗ್ತಾರೆ. ಹುಡುಗೀರು ಹತ್ತಿ ಮುಗಿದ್ಮೇಲೆ ವಾಪಸ್ ಬರ್ತಾರೆ, ಇವರು ಬರಲ್ಲ. ಈ ವರ್ಷ ನೋಟ್‌ಬುಕ್‌ನಲ್ಲಿ ಹುಡುಗರಿಗೆ ಬೇರೆ ಪುಟ ಮಾಡಿದೀನಿ. ಮನೆಗೆ ಹೋದ್ರೆ ಫೋನ್ ನಂಬರ್ ಕೊಡ್ತಾರೆ, ಹುಡುಗ ರಾತ್ರಿ 9ರ ಮೇಲೆ ಎತ್ತುತ್ತಾನೆ, "ಹೂಂ ಟೀಚರ, ಮುಂದಿನ ತಿಂಗಳ ಬರ್ತೀನ್ರಿ" ಅಂತಾನೆ.