ಇರ್ಪು ಜಲಪಾತ: ಸಣ್ಣ ನಡಿಗೆಗೆ ಸರಿಯಾದ ಸಿದ್ಧತೆ

ದಕ್ಷಿಣ ಕೊಡಗಿನ ಇರ್ಪು ಜಲಪಾತಕ್ಕೆ ಕಾಡಿನೊಳಗೆ ನಡೆಯಬೇಕಾದ ದೂರ ಒಂದು ಕಿಲೋಮೀಟರೂ ಇಲ್ಲ. ಜನ ಯಾಮಾರುವುದೇ ಅಲ್ಲಿ. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟವರು ಕೊನೆಯ ಮೆಟ್ಟಿಲುಗಳಲ್ಲಿ ಪರದಾಡುತ್ತಾರೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗಿನ ಅಬ್ಬರ ನೋಡಲಷ್ಟೇ ಚೆಂದ, ನೀರಿಗಿಳಿಯುವ ಮಾತು ಬೇಡ. ಬೇಸಿಗೆಯಲ್ಲಿ ಧಾರೆ ಸೊರಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ನನ್ನ ಆಯ್ಕೆ. ಶಿವರಾತ್ರಿಗೆ ತೀರ್ಥಸ್ನಾನಕ್ಕೆಂದು ಜನ ನೆರೆಯುತ್ತಾರೆ. ಹಕ್ಕಿಯ ದನಿ ಕೇಳಬೇಕೆನ್ನುವವರು ಆ ದಿನ ಬಿಟ್ಟುಬಿಡಿ.

ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲದ ಮೂಲಕ ಸಾಗಿ ರಾಮೇಶ್ವರ ದೇವಸ್ಥಾನದ ಬಳಿ ವಾಹನ ನಿಲ್ಲಿಸಿ. ಟಿಕೆಟ್ ಪಡೆದು ನಡೆಯುವ ಮುನ್ನ ಕಾಲಿನ ಕಡೆ ಗಮನ ಕೊಡಿ. ಒಳ್ಳೆಯ ಹಿಡಿತವಿರುವ ಶೂ, ಉದ್ದನೆಯ ಕಾಲುಚೀಲ, ಅದರೊಳಗೆ ಸೇರಿಸಿದ ಪ್ಯಾಂಟಿನ ತುದಿ: ಮಳೆಗಾಲದ ಜಿಗಣೆಗೆ ಇಷ್ಟೇ ಮದ್ದು. ಆದರೂ ಕಚ್ಚಿತೆಂದರೆ ಹಿಡಿದೆಳೆಯಬೇಡಿ. ಅದರ ಸಪೂರ ತುದಿಯಲ್ಲಿ ಬಾಯಿ ಇರುತ್ತದೆ. ಚರ್ಮಕ್ಕೆ ಒತ್ತಿದಂತೆ ಉಗುರನ್ನು ಅದರಡಿ ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ಜಿಗಣೆಯ ಜೊಲ್ಲಿನಲ್ಲಿರುವ ಒಂದು ಅಂಶ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಗಾಯ ಸ್ವಲ್ಪ ಹೊತ್ತು ಸೋರುತ್ತದೆ. ತೊಳೆದು, ಶುಭ್ರ ಬಟ್ಟೆ ಒತ್ತಿ ಹಿಡಿದರೆ ಸಾಕು.

ದಾರಿ ಸುಲಭ, ಕೊನೆಗೆ ಮೆಟ್ಟಿಲು. ಮರಗಳ ಸಂದಿಯಲ್ಲಿ ಬಿಳಿ ಕಾಣಿಸಿದಾಗ ಮೊಬೈಲ್ ನೋಡುತ್ತಾ ಹತ್ತಬೇಡಿ. ಒದ್ದೆ ಕಲ್ಲು ಯಾರ ಮುಲಾಜೂ ನೋಡುವುದಿಲ್ಲ. ಬ್ರಹ್ಮಗಿರಿಯಿಂದ ಸುಮಾರು 170 ಅಡಿ ಧುಮುಕುವ ಈ ನೀರೇ ಲಕ್ಷ್ಮಣತೀರ್ಥ. ರಾಮನ ಬಾಯಾರಿಕೆ ನೀಗಲು ಲಕ್ಷ್ಮಣ ಬಾಣ ಹೊಡೆದು ಚಿಮ್ಮಿಸಿದ ನದಿಯೆಂಬುದು ಐತಿಹ್ಯ.

ಸ್ನಾನಕ್ಕಿಳಿಯುವವರು ಮೊದಲು ನೀರಿನಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಇಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು. ಆ ಕಲ್ಲು ಮುಳುಗತೊಡಗಿದರೆ, ತಿಳಿನೀರು ಕದಡಿ ತರಗೆಲೆ, ಕಡ್ಡಿ ತೇಲಿಬಂದರೆ, ಬಟ್ಟೆಬರೆ ಹುಡುಕುತ್ತಾ ನಿಲ್ಲದೆ ದಡ ಸೇರಿ. ಧಾರೆಯ ನೇರ ಕೆಳಗೆ ತಲೆಯೊಡ್ಡುವ ಚಪಲವೂ ಬೇಡ, ನೀರಿನೊಂದಿಗೆ ಕಲ್ಲೂ ಉರುಳಬಹುದು. ಸೋಪು, ಶಾಂಪೂ ಮನೆಯಲ್ಲೇ ಇರಲಿ. ಈ ನೀರು ಹುಣಸೂರು ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿನವರು ಇಲ್ಲಿ ಬಿಟ್ಟ ನೊರೆಯ ದಾರಿ ಅವರ ನಲ್ಲಿಯ ಕಡೆಗೇ.

ಬ್ರಹ್ಮಗಿರಿಯ ಚಾರಣವೂ ಇಲ್ಲಿಂದಲೇ ಶುರು. ಆದರೆ ಅದು ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ.

ಹಿಂದಿರುಗುವಾಗ ಕಾರು ಹತ್ತುವ ಮೊದಲೇ ಕಾಲುಚೀಲ ಕೊಡವಿ. ಕುಟ್ಟದಿಂದ ನಾಗರಹೊಳೆ ಕಾಡಿನ ಮೂಲಕ ಹುಣಸೂರಿಗೆ ಹೋಗುವ ರಸ್ತೆ ರಾತ್ರಿ ಮುಚ್ಚಿರುತ್ತದೆ. ಹೊರಡುವುದು ತಡವಾದರೆ ಬಂದ ಗೋಣಿಕೊಪ್ಪದ ದಾರಿಯನ್ನೇ ಹಿಡಿಯಿರಿ.