ಗೆಳೆಯರ ಜೊತೆ ಲಿಯೋನ್‌ಗೆ ಹೊರಟವರಿಗೆ

ಫ್ರಾನ್ಸಿನ ಲಿಯೋನ್‌ಗೆ ಗುಂಪಾಗಿ ಹೋಗುವವರು ಊಟದ ಟೇಬಲ್ ಮೊದಲೇ ಬುಕ್ ಮಾಡಿಕೊಳ್ಳಿ. ಅಲ್ಲಿನ ಬೂಶೋನ್‌ಗಳು ಪುಟ್ಟ ಹೋಟೆಲುಗಳು, ಆರು ಜನ ಸುಮ್ನೆ ಹೋಗಿ ನಿಂತರೆ ಜಾಗ ಸಿಗುವುದು ಕಷ್ಟ. ಮಧ್ಯಾಹ್ನ 2ರ ಆಸುಪಾಸಿಗೆ ಅಡುಗೆಮನೆ ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆ 7ರ ಹೊತ್ತಿಗೇ. ಸಸ್ಯಾಹಾರಿಗಳಿದ್ದರೆ ಬುಕ್ ಮಾಡುವಾಗಲೇ ಹೇಳಿಬಿಡಿ. ಲಿಯೋನ್ ಸಲಾಡ್ ಬರೀ ಸೊಪ್ಪಲ್ಲ, ಹಂದಿಮಾಂಸದ ತುಣುಕುಗಳ ಮೇಲೆ ಅರೆಬೆಂದ ಮೊಟ್ಟೆ ಕೂತಿರುತ್ತದೆ! ಕುಡಿಯಲು ‘ಕರಾಫ್ ದೋ’ ಕೇಳಿ. ನಲ್ಲಿ ನೀರು, ಪುಕ್ಕಟೆ.

ಫೂರ್ವಿಯೆರ್ ಗುಡ್ಡಕ್ಕೆ ಫ್ಯೂನಿಕ್ಯುಲರ್‌ನಲ್ಲಿ (ಕೇಬಲ್ ಎಳೆಯುವ ಗುಡ್ಡದ ರೈಲು) ಹತ್ತಿ, ಮೆಟ್ರೋ ಟಿಕೆಟ್ಟೇ ನಡೆಯುತ್ತದೆ. ರೋಮನ್ ರಂಗಮಂದಿರ ನೋಡಿಕೊಂಡು ಹಳೇ ಊರಿಗೆ ನಡೆದೇ ಇಳಿಯಿರಿ. ಸೇಂಟ್ ಜಾನ್ ಬೀದಿಯ 54ನೇ ನಂಬರ್ ಬಾಗಿಲು ಹಗಲಲ್ಲಿ ತಳ್ಳಿ ನೋಡಿ, ಮನೆಗಳ ಒಳಗಿಂದಲೇ ಹಾದು ಪಕ್ಕದ ಬೀದಿಗೆ ಹೋಗುವ ಟ್ರಾಬೂಲ್ ಓಣಿ ಅದು. ಜನ ವಾಸವಿದ್ದಾರೆ, ಗಲಾಟೆ ಬೇಡ.