ಜಾಬ್‌ವರ್ಕ್ ಶಾಪಿಗೆ ಪಾರ್ಟ್‌ಟೈಮ್ ಅಕೌಂಟೆಂಟ್, ಪಾರ್ಟ್‌ಟೈಮ್ ಪ್ರೋಗ್ರಾಮರ್: ನಾವು ನಡೆಸುವ ಕ್ರಮ

ಗ್ರಾಹಕರ ಮೆಟೀರಿಯಲ್‌ಗೆ ಅವರ ಡ್ರಾಯಿಂಗ್ ಪ್ರಕಾರ ಮಷಿನಿಂಗ್ ಮಾಡಿಕೊಡುವ ಜಾಬ್‌ವರ್ಕ್ ಶಾಪ್ ನಮ್ಮದು: ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್), ಒಂದು ಸಿಎನ್‌ಸಿ ಲೇತ್, ಹನ್ನೆರಡು ಜನ. ಪೀಣ್ಯದಲ್ಲಿ ಇಷ್ಟು ಗಾತ್ರದ ಶಾಪಿಗೆ ಲೆಕ್ಕಕ್ಕೆ ಒಬ್ಬರು, ಪ್ರೋಗ್ರಾಂಗೆ ಒಬ್ಬರು, ಇಎಸ್‌ಐ (ಕಾರ್ಮಿಕರ ವಿಮೆ) ಕೆಲಸಕ್ಕೆ ಒಬ್ಬರು ಎಂದು ತಿಂಗಳ ಸಂಬಳ ಕೊಟ್ಟರೆ ಗಿಟ್ಟುವುದಿಲ್ಲ. ಅವರಿಗೆ ದಿನವಿಡೀ ಕೆಲಸವೂ ಇರುವುದಿಲ್ಲ. ಈ ಮೂರನ್ನೂ ನಾವು ಪಾರ್ಟ್‌ಟೈಮ್ ಜನರಿಂದಲೇ ಮಾಡಿಸುತ್ತೇವೆ. ವರ್ಷದ ಲೆಕ್ಕ, ಆಡಿಟ್‌ಗೆ ಸಿಎ ಬೇರೆ ಇದ್ದಾರೆ.

ಪಾರ್ಟ್‌ಟೈಮ್ ಅಕೌಂಟೆಂಟ್ ಕೈಯಲ್ಲಿ ನಿಮ್ಮಂಥ ಹತ್ತಾರು ಶಾಪ್‌ಗಳಿರುತ್ತವೆ, ಎಲ್ಲರ ಕೊನೆಯ ದಿನವೂ ಒಂದೇ. ಟಿಡಿಎಸ್ (ಕೊಡುವ ಹಣದಲ್ಲಿ ಹಿಡಿದುಕೊಂಡ ತೆರಿಗೆ) ಕಟ್ಟಲು 7, ತಿಂಗಳ ಜಿಎಸ್‌ಟಿಆರ್-1ಕ್ಕೆ (ಮಾರಾಟದ ಬಿಲ್ಲುಗಳ ರಿಟರ್ನ್) 11, ಇಎಸ್‌ಐಗೆ 15, 3ಬಿಗೆ (ಜಿಎಸ್‌ಟಿ ಕಟ್ಟುವ ರಿಟರ್ನ್) 20. ‘ವಾರಕ್ಕೆ ಎರಡು ಸಲ ಬರ್ತೀನಿ ಸಾರ್’ ಎಂಬ ಮಾತು 19ನೇ ತಾರೀಕಿಗೆ ನಿಲ್ಲುವುದಿಲ್ಲ. ಹಾಗಾಗಿ ಒಪ್ಪಂದದಲ್ಲಿ ವಾರ ಬರೆಯುವುದಿಲ್ಲ, ತಾರೀಕು ಬರೆಯುತ್ತೇವೆ: 3, 8, 15, 17. ಮೂರಕ್ಕೆ ಹಿಂದಿನ ತಿಂಗಳ ಬಿಲ್ಲುಗಳೆಲ್ಲ ಟ್ಯಾಲಿ ಲೆಕ್ಕದ ಸಾಫ್ಟ್‌ವೇರ್‌ಗೆ ಏರಬೇಕು, ಎಂಟಕ್ಕೆ ಜಿಎಸ್‌ಟಿಆರ್-1 ಹೋಗಬೇಕು, ಹದಿನೇಳಕ್ಕೆ 3ಬಿ. ಭಾನುವಾರ ಬಿದ್ದರೆ ಹಿಂದಿನ ದಿನ.

ನಿಜವಾದ ಕೆಲಸ ಇರುವುದು 15ಕ್ಕೆ. 14ರಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ನಮಗೆ ಮಾರಿದವರು ಏರಿಸಿದ ಬಿಲ್ಲುಗಳ ಪಟ್ಟಿ, ತಯಾರಾಗುತ್ತದೆ. ಅದರಲ್ಲಿ ಕಾಣಿಸದ ಬಿಲ್ಲಿನ ತೆರಿಗೆಯನ್ನು ಆ ತಿಂಗಳು ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ, ಅಂದರೆ ನಾವು ಕಟ್ಟುವ ತೆರಿಗೆಯಲ್ಲಿ ಕಳೆಯುವಂತಿಲ್ಲ. ಖರೀದಿ ಫೈಲ್ ಮತ್ತು 2ಬಿ ಪಕ್ಕಪಕ್ಕ ಇಟ್ಟು ತಾಳೆ ನೋಡಿದರೆ ಕೊರತೆ ಬೀಳುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರ್‌ನ ಒಂದು ಅಕ್ಷರ ತಪ್ಪಿರುತ್ತದೆ. ಇನ್ನೊಂದು, ಇನ್‌ಸರ್ಟ್, ಎಂಡ್‌ಮಿಲ್, ಕೂಲಂಟ್ ಕೊಡುವ ಸಣ್ಣ ಡೀಲರ್ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾಗಿರುತ್ತಾರೆ. ಅವರು 13ರೊಳಗೆ ಐಎಫ್‌ಎಫ್‌ನಲ್ಲಿ (ತ್ರೈಮಾಸಿಕದ ನಡುವೆಯೇ ಬಿಲ್ ಏರಿಸುವ ಸೌಲಭ್ಯ) ನಮ್ಮ ಬಿಲ್ ಏರಿಸದಿದ್ದರೆ ಅದು ತ್ರೈಮಾಸಿಕ ಮುಗಿಯುವವರೆಗೆ ಕಾಣುವುದಿಲ್ಲ. ಅಕೌಂಟೆಂಟ್ ಪಟ್ಟಿ ಮಾಡಿಕೊಟ್ಟು ಹೊರಡುತ್ತಾರೆ. ಡೀಲರ್‌ಗೆ ಫೋನ್ ಮಾಡುವುದು ನಮ್ಮ ಸ್ಟೋರ್ಸ್ ಹುಡುಗನ ಕೆಲಸ. ಆರ್ಡರ್ ಕೊಡುವವರು ನಾವು, ನಮ್ಮ ಮಾತಿಗೆ ಬೆಲೆ ಇರುತ್ತದೆ. ಮಾರ್ಚ್‌ಗೆ ಮುಗಿದ ವರ್ಷದ ಬಿಟ್ಟುಹೋದ ಕ್ರೆಡಿಟ್‌ಗೆ ಮುಂದಿನ ನವೆಂಬರ್ 30 ಕೊನೆ. ಅದಕ್ಕೇ ಆ ಪಟ್ಟಿಯನ್ನು ಸೆಪ್ಟೆಂಬರ್‌ನಲ್ಲೊಮ್ಮೆ ಪೂರ್ತಿ ತಿರುವಿ ಹಾಕುತ್ತೇವೆ.

ಕೆಲಸ ಹೊರಗಿನವರದು, ಕೀಲಿ ನಮ್ಮದು. ಈ ವಿಷಯದಲ್ಲಿ ನಾವು ಒಂದಿಂಚೂ ಬಿಡುವುದಿಲ್ಲ. ಜಿಎಸ್‌ಟಿ ನೋಂದಣಿ ಮಾಡಿಸುವಾಗ ಅನೇಕ ಅಕೌಂಟೆಂಟ್‌ಗಳು ತಮ್ಮ ಮೊಬೈಲ್, ತಮ್ಮ ಇಮೇಲ್ ಹಾಕಿಬಿಡುತ್ತಾರೆ. ಆಮೇಲೆ ಓಟಿಪಿಯೂ ಅವರಿಗೆ, ಇಲಾಖೆಯ ನೋಟಿಸೂ ಅವರಿಗೆ. ಅವರು ನೋಡದಿದ್ದರೆ ಉತ್ತರವಿಲ್ಲದೆಯೇ ಆದೇಶ ಆಗಿಬಿಡುತ್ತದೆ, ಮೇಲ್ಮನವಿಯ ಮೂರು ತಿಂಗಳೂ ಓಡುತ್ತಿರುತ್ತವೆ. ಪೋರ್ಟಲ್‌ನ ನಾನ್-ಕೋರ್ ತಿದ್ದುಪಡಿಯಲ್ಲಿ (ನೋಂದಣಿಯ ಸಣ್ಣ ವಿವರ ಬದಲಿಸುವ ಕಡೆ) ಇದನ್ನು ಸರಿಪಡಿಸಬಹುದು, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಪೋರ್ಟಲ್‌ನಲ್ಲಿ ‘ನೋಟಿಸಸ್’ ಟ್ಯಾಬ್ ಒಂದನ್ನೇ ನೋಡಿದರೆ ಸಾಲದು; ‘ಅಡಿಷನಲ್ ನೋಟಿಸಸ್’ ಎಂಬ ಇನ್ನೊಂದು ಕಡೆಯೂ ಬರುತ್ತವೆ. ಎರಡನ್ನೂ ಪ್ರತಿ ಸೋಮವಾರ ಮಾಲೀಕರೇ ತೆರೆದು ನೋಡಬೇಕು, ಎರಡು ನಿಮಿಷದ ಕೆಲಸ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಜನರಿಗೆ ಯಾರ ಹತ್ತಿರ ಹೋಗಬೇಕೆಂದೇ ತಿಳಿಯದೆ ಹೋಯಿತು. ಬಿಲ್ಲುಗಳ ಸಮೇತ ತಕ್ಷಣ ಉತ್ತರ ಕೊಡಬಲ್ಲ ಒಬ್ಬರು ಗೊತ್ತಿರುವುದೇ ಆಗ ಬಲ.

ಡಿಜಿಟಲ್ ಸಿಗ್ನೇಚರ್ ಟೋಕನ್ ನಮ್ಮ ಡ್ರಾಯರ್‌ನಲ್ಲೇ. ಸರಕು ಸಾಗಣೆಯ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಸಬ್-ಯೂಸರ್ ಮಾಡಿ ಸೂಪರ್‌ವೈಸರ್‌ಗೆ ಅವರದೇ ಲಾಗಿನ್ ಕೊಡಬಹುದು. ಬ್ಯಾಂಕಿನಲ್ಲಿ ಅಕೌಂಟೆಂಟ್ ಪೇಮೆಂಟ್ ನಮೂದಿಸುವವರು ಮಾತ್ರ, ಒಪ್ಪಿಗೆ ಒತ್ತುವುದು ಮಾಲೀಕರು. ಟ್ಯಾಲಿ ಡೇಟಾ ನಮ್ಮ ಕಂಪ್ಯೂಟರ್‌ನಲ್ಲಿರಬೇಕು. ಅವರ ಲ್ಯಾಪ್‌ಟಾಪ್‌ನಲ್ಲಿದ್ದರೆ ನಾಳೆ ಅವರು ಬಿಟ್ಟರೆ ವರ್ಷದ ಲೆಕ್ಕವೂ ಅವರ ಜೊತೆ ಹೋಗುತ್ತದೆ. ಗ್ರಾಹಕರ ಮೆಟೀರಿಯಲ್ ಬಂದ, ಹೋದ ಚಲನ್ ಪುಸ್ತಕವೂ ಹೊರಗೆ ಹೋಗುವುದಿಲ್ಲ. ಒಂದು ವರ್ಷದೊಳಗೆ ಮಾಲು ವಾಪಸ್ ಹೋಗಲೇಬೇಕಾದ್ದರಿಂದ ಅದು ದಿನಾ ಕೈಗೆ ಸಿಗಬೇಕು.

ಇನ್ನು ಕ್ಯಾಮ್ ಪ್ರೋಗ್ರಾಮರ್, ಅಂದರೆ ಡ್ರಾಯಿಂಗ್‌ನಿಂದ ಮಷಿನ್‌ಗೆ ಪ್ರೋಗ್ರಾಂ ಮಾಡುವವರು. ಇಲ್ಲಿ ಎಡವಿದರೆ ದಂಡದ ಬದಲು ಟೂಲ್ ತಿರುಗಿಸುವ ಸ್ಪಿಂಡಲ್ಲೇ ಹೋಗುತ್ತದೆ. ಪಾರ್ಟ್‌ಟೈಮ್ ಪ್ರೋಗ್ರಾಮರ್‌ಗಳು ಮನೆಯಲ್ಲಿ ಕೂತು ಪ್ರೋಗ್ರಾಂ ಮಾಡಿ ಮಷಿನ್ ಓದುವ ಎನ್‌ಸಿ ಫೈಲ್ ಒಂದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಅದು ಸಾಲದು. ನಾಳೆ ಅದೇ ಜಾಬ್ ಫಾನುಕ್ ಮಷಿನ್ನಿಂದ ಸೀಮೆನ್ಸ್ ಕಂಟ್ರೋಲ್ ಇರುವ ಮಷಿನ್‌ಗೆ ಹೋದರೆ ಮತ್ತೆ ಪೋಸ್ಟ್ ಮಾಡಬೇಕು, ಅಂದರೆ ಆ ಕಂಟ್ರೋಲ್‌ಗೆ ಹೊಂದುವ ಎನ್‌ಸಿ ಫೈಲ್ ಹೊಸದಾಗಿ ತೆಗೆಯಬೇಕು. ಮೂಲ ಕ್ಯಾಮ್ ಫೈಲ್ ಇಲ್ಲದಿದ್ದರೆ ಮೊದಲಿಂದ ದುಡ್ಡು. ಹಾಗಾಗಿ ಮೂಲ ಫೈಲ್, ಎನ್‌ಸಿ ಫೈಲ್, ಸೆಟಪ್ ಶೀಟ್ ಮೂರೂ ಸೇರಿದರೆ ಒಂದು ಪ್ರೋಗ್ರಾಂ ಎಂದು ಮೊದಲೇ ಬರೆದುಕೊಳ್ಳುತ್ತೇವೆ.

ಸೆಟಪ್ ಶೀಟ್ ಒಂದೇ ಪುಟ. ಡ್ರಾಯಿಂಗ್ ನಂಬರ್ ಮತ್ತು ರಿವಿಷನ್, ಕಚ್ಚಾ ಮೆಟೀರಿಯಲ್‌ನ ಅಳತೆ, ಜಿ54 ಸೊನ್ನೆ (ಅಳತೆ ಶುರುವಾಗುವ ಬಿಂದು) ಯಾವ ಮೂಲೆಯಲ್ಲಿ, ಝಡ್ (ಎತ್ತರದ) ಸೊನ್ನೆ ಮೇಲ್ಮೈಯೋ ಬೆಡ್ಡೋ, ಪ್ರತಿ ಟೂಲ್‌ನ ನಂಬರ್, ಹೋಲ್ಡರ್‌ನಿಂದ ಹೊರಗೆ ಚಾಚಿರಬೇಕಾದ ಉದ್ದ, ವೈಸ್‌ನಲ್ಲಿ ಎಷ್ಟು ಮಿಲಿಮೀಟರ್ ಹಿಡಿಯಬೇಕು, ಕ್ಲ್ಯಾಂಪ್ ಎಲ್ಲಿ. ಕೊನೆಯದನ್ನು ಬಿಟ್ಟಾಗಲೇ ಟೂಲ್ ಹೋಗಿ ಕ್ಲ್ಯಾಂಪ್‌ಗೆ ಬಡಿಯುವುದು. ರಾತ್ರಿ ಪಾಳಿಯ ಆಪರೇಟರ್ ಪ್ರೋಗ್ರಾಮರ್‌ಗೆ ಫೋನ್ ಮಾಡದೆ ಈ ಒಂದು ಪುಟದಿಂದ ಸೆಟ್ ಮಾಡಲು ಬರಬೇಕು, ಅದೇ ಪರೀಕ್ಷೆ.

ಮೊದಲ ಪೀಸ್‌ಗೆ ಪ್ರೋಗ್ರಾಮರ್ ಮಷಿನ್ ಮುಂದೆ ನಿಲ್ಲಲೇಬೇಕು. ಝಡ್ ಆಫ್‌ಸೆಟ್ 50 ಮಿಲಿಮೀಟರ್ ಮೇಲೆತ್ತಿ ಗಾಳಿಯಲ್ಲಿ ಒಮ್ಮೆ ಓಡಿಸಿ, ಆಮೇಲೆ ಸಿಂಗಲ್ ಬ್ಲಾಕ್‌ನಲ್ಲಿ (ಪ್ರೋಗ್ರಾಂನ ಒಂದೊಂದೇ ಸಾಲು), ರ್‍ಯಾಪಿಡ್ (ಕಟ್ ಮಾಡದೆ ಓಡುವ ವೇಗ) 25 ಶೇಕಡಾಕ್ಕೆ ಇಳಿಸಿ ಕಟ್ ಮಾಡುತ್ತೇವೆ. ಹಣ ಗಂಟೆಗಲ್ಲ, ಪ್ರೋಗ್ರಾಂಗೆ: ಅರ್ಧ ಫೈಲ್ ಬಂದಾಗ, ಅರ್ಧ ಮೊದಲ ಪೀಸ್ ಇನ್‌ಸ್ಪೆಕ್ಷನ್ ಪಾಸಾದಾಗ. ಗಂಟೆ ಲೆಕ್ಕ ಮಾಡಿದರೆ ಬೇಗ ಮುಗಿಸುವ ಒಳ್ಳೆಯ ಪ್ರೋಗ್ರಾಮರ್‌ಗೇ ನಷ್ಟ. ಡ್ರಾಯಿಂಗ್ ಗ್ರಾಹಕರ ಸ್ವತ್ತು. ಬೇರೆ ಶಾಪಿಗೆ ತೋರಿಸಬಾರದೆಂದು ಬರೆಸಿ ಸಹಿ ಹಾಕಿಸಿಕೊಳ್ಳಿ.

ಅಕೌಂಟೆಂಟ್‌ಗೆ ಮಾತ್ರ ತಿಂಗಳ ಗೊತ್ತಾದ ಮೊತ್ತ, ಬಿಲ್ಲುಗಳ ಸಂಖ್ಯೆ ಹಿಡಿದು ನಿಗದಿ. ಬಿಲ್ಲು ನಾವು ತಡವಾಗಿ ಕೊಟ್ಟು ದಂಡ ಬಿದ್ದರೆ ನಮ್ಮದು, ಕೊಟ್ಟ ಮೇಲೆ ತಡವಾದರೆ ಅವರದು. ಒಬ್ಬರೇ ಮಾಲೀಕರ ಶಾಪ್ ಆಗಿದ್ದು ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿದ್ದರೆ, ವೃತ್ತಿಪರರಿಗೆ ವರ್ಷಕ್ಕೆ 50,000 ರೂಪಾಯಿ ಮೀರಿ ಕೊಡುವ ಶುಲ್ಕದಲ್ಲಿ ಟಿಡಿಎಸ್ ಹಿಡಿಯಬೇಕು. ಎಷ್ಟು ಶೇಕಡಾ ಎಂಬುದು ಕೆಲಸದ ಬಗೆ ನೋಡಿ ಸಿಎ ಹೇಳುತ್ತಾರೆ.

ಸಿಎ ಜುಲೈಯಿಂದ ಅಕ್ಟೋಬರ್‌ವರೆಗೆ ಕೈಗೆ ಸಿಗುವುದಿಲ್ಲ. ಮಷಿನ್ ಸಾಲ, ಮುಂಗಡ ತೆರಿಗೆಯಂಥ ಮಾತುಗಳಿಗೆ ಡಿಸೆಂಬರ್ ಮೊದಲ ವಾರ ಸರಿ, 15ರ ಕಂತಿಗೆ ಮುಂಚೆ ಲೆಕ್ಕ ಸಿಗುತ್ತದೆ.

ಅಕೌಂಟೆಂಟ್ ಬದಲಿಸುವುದಾದರೆ ಏಪ್ರಿಲ್ ಕೊನೆ ಒಳ್ಳೆಯದು: ಮಾರ್ಚ್‌ನ ರಿಟರ್ನ್ ಹಳಬರಿಂದಲೇ ಮುಗಿದಿರುತ್ತದೆ. ಟ್ಯಾಲಿ ಬ್ಯಾಕಪ್, 2ಬಿ ತಾಳೆ ಪಟ್ಟಿ, ಬಾಕಿ ನೋಟಿಸ್‌ಗಳ ಪ್ರತಿ ಕೈಗೆ ಬಂದ ಮೇಲೆ ಕೊನೆಯ ತಿಂಗಳ ಹಣ ಕೊಡಿ, ಅದೇ ದಿನ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ. ಅಕೌಂಟೆಂಟ್ ವಾರಕ್ಕೆ ಮೂರು ದಿನ ಕೂತರೂ ಬಿಲ್ಲು ಉಳಿಯುತ್ತಿದ್ದರೆ ಪಾರ್ಟ್‌ಟೈಮ್ ಸಾಕಾಗುವ ಗಾತ್ರ ದಾಟಿದೆ ಎಂದೇ ಅರ್ಥ, ಪೂರ್ಣಾವಧಿಗೆ ಜನ ಹುಡುಕಿ. ಪ್ರೋಗ್ರಾಮರ್ ವಿಷಯದಲ್ಲಿ ಹೊಸ ಡ್ರಾಯಿಂಗ್‌ಗಳ ಸಂಖ್ಯೆ ನೋಡಬೇಕು: ಹಳೇ ಜಾಬ್‌ಗಳೇ ಮರಳಿ ಬರುವ ಶಾಪಿಗೆ ಹತ್ತು ಮಷಿನ್ ಆದರೂ ಪಾರ್ಟ್‌ಟೈಮ್ ಸಾಕು.